ದೊಡ್ಡ ಬಾಜಾದ ಖಾಜಾಬಿ

ಖಾಜಾಬಿಯವರು ಮನುಷ್ಯರ ಮುಖಕ್ಕಿಂತ ಮೊದಲು ಕೈಯನ್ನು ನೋಡುತ್ತಾರೆ. ಸಿರಾದ ಕೋಟೆಯ ಹಿಂದಿನ ಓಣಿಯಲ್ಲಿರುವ ಅವರ ಮನೆಯ ಹೊಸ್ತಿಲು ದಾಟಿದವರು ನೆಂಟರಿರಲಿ, ಮದುವೆಗೆ ಬ್ಯಾಂಡ್ ಗೊತ್ತುಮಾಡಲು ಬಂದ ಅಪರಿಚಿತರಿರಲಿ, ಕರೆಂಟಿನ ಮೀಟರು ನೋಡಲು ಬಂದವರಿರಲಿ, 'ಕುಂತ್ಕಳಿ' ಎನ್ನುವುದಕ್ಕೂ ಮುಂಚೆ 'ಎಲ್ಲಿ, ಕೈ ತೋರ್ಸಿ' ಎಂಬ ಮಾತು ಬರುತ್ತದೆ. ಅಂಗೈಯಲ್ಲಿ ಬೆವರಿದ್ದರೆ, ಬೆರಳಲ್ಲಿ ಸುಣ್ಣವೋ ಎಣ್ಣೆಯೋ ಇದ್ದರೆ, ಅವರ ಕುರ್ಚಿಯನ್ನು ಗೋಡೆಯಿಂದ ದೂರಕ್ಕೆ ಎಳೆದು ಹಾಕಲಾಗುತ್ತದೆ. ಆ ಗೋಡೆಯ ಮೇಲೆ, ಬಟ್ಟೆ ಸುತ್ತಿದ ಗೂಟಗಳಿಂದ, ಟ್ರಂಪೆಟ್ಟುಗಳೂ ಟ್ರಾಂಬೋನುಗಳೂ ನಡುವೆ ಒಂದು ಭಾರಿ ಯುಫೋನಿಯಂ ವಾದ್ಯವೂ ತೂಗಾಡುತ್ತಿರುತ್ತವೆ. ಮಗುವನ್ನು ಎದೆಗಾನಿಸಿಕೊಂಡಂತೆ ಹಿಡಿದು ಊದಬೇಕಾದ ಆ ಯುಫೋನಿಯಂ ಅವರ ಬಾಯಲ್ಲಿ ಬರೀ 'ದೊಡ್ಡ ಬಾಜಾ'. ಸುತ್ತಲ ನಾಲ್ಕು ತಾಲ್ಲೂಕುಗಳ ಮದುವೆಗಳಲ್ಲಿ ನುಡಿಯುವ ನೂರಾನಿ ಬ್ಯಾಂಡ್ ಸೆಟ್ಟಿನಲ್ಲಿ ಖಾಜಾಬಿ ಒಂದು ಸ್ವರವನ್ನೂ ಊದಿದವರಲ್ಲ. ಆದರೆ ಆ ಬ್ಯಾಂಡು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಾಗ ಕೇಳುವುದಕ್ಕೂ ಮೊದಲು ಕಣ್ಣಿಗೆ ರಾಚುವ ಬೆಳಕು ಅವರದು.

ಕುಳ್ಳಗಿನ, ಗಟ್ಟಿಮುಟ್ಟಾದ ಹೆಂಗಸು. ತುಂಬಿದ ಕೊಡ ಹೊತ್ತವರಂತೆ ಬರಿಗೈಯಲ್ಲೂ ಸಣ್ಣಸಣ್ಣ ಹೆಜ್ಜೆಯಿಟ್ಟು ನಡೆಯುತ್ತಾರೆ. ಇಕ್ಕಟ್ಟಾದ ಓಣಿಯ ಗೋಡೆಗಳಿಗೆ ತಾಗಿಸದೆ ವಾದ್ಯಗಳನ್ನು ವ್ಯಾನಿನವರೆಗೆ ಒಯ್ದೂ ಒಯ್ದೂ ಕಾಲು ಕಲಿತ ನಡಿಗೆ ಅದು. ಸೆರಗಿನ ಮೇಲೆ ಎಡಹೆಗಲಿಗೊಂದು ಬಿಳಿಯ ಬಟ್ಟೆ, ಬಲಹೆಗಲಿಗೊಂದು ಹಳದಿಯ ಬಟ್ಟೆ. ಎಷ್ಟೋ ಒಗೆತ ಕಂಡು ಮಗುವಿನ ಕೆನ್ನೆಯಷ್ಟು ಮೆದುವಾದ ಹಳೆಯ ಲುಂಗಿಗಳಿಂದ ಹರಿದುಕೊಂಡವು ಅವು. ಬಿಳಿಯದು ತೇವ ಒರೆಸಲು, ಹಳದಿಯದು ಒಣಗಿದ ಮೇಲೆ ತೀಡಲು. ಬ್ಯಾಂಡಿನ ಯಜಮಾನಿಕೆ ವಹಿಸಿಕೊಂಡಿರುವ ಮಗ ಮತೀನ್ ಒಮ್ಮೆ ಮರೆತು ಹಳದಿ ಬಟ್ಟೆಯಲ್ಲಿ ಮುಖ ಒರೆಸಿಕೊಂಡ. ಖಾಜಾಬಿ ಬೈಯಲಿಲ್ಲ, ಆ ಬಟ್ಟೆಯನ್ನು ಅವನ ಕೈಗೇ ಕೊಟ್ಟು, 'ಇನ್ಮೇಲೆ ಇದು ನಿಂದೇ ಕಣ್ಲಾ, ಮಕ ಒರೆಸ್ಕೊಂಡಿರು' ಎಂದು ಹೊಸದೊಂದನ್ನು ಹರಿದುಕೊಂಡರು.

ಈ ನಿಷ್ಠುರತೆಯ ಮೂಲದಲ್ಲಿ ಅವರೇ ನಗುನಗುತ್ತಾ ಹೇಳುವ ಒಂದು ಪ್ರಸಂಗವಿದೆ. ಮದುವೆಯಾಗಿ ಬಂದ ಹೊಸತು. ಗಂಡ ಬಾಷಾ ಸಾಬ್ ಬಹುದಿನದ ಆಸೆಯಿಂದ ದೊಡ್ಡ ಬಾಜಾವನ್ನು ತರಿಸಿಕೊಂಡಿದ್ದರು. ಅವರನ್ನು ಮೆಚ್ಚಿಸಬೇಕೆಂದು ಹೊಸ ಹೆಂಡತಿ, ಗಂಡ ಪೇಟೆಗೆ ಹೋದ ಹೊತ್ತು ನೋಡಿ, ಹುಣಸೆಹಣ್ಣು, ಉಪ್ಪು, ಬೂದಿ ಎಲ್ಲ ಸೇರಿಸಿ ಅದರ ಅಗಲವಾದ ಬಾಯನ್ನು ತೆಂಗಿನ ನಾರಿನಿಂದ ತಿಕ್ಕತೊಡಗಿದರು. 'ನಮ್ಮಮ್ಮಿ ಮನೇಲಿ ಹಿತ್ತಾಳೆ ಕಂಡ್ರೆ ಹುಣಸೆಹಣ್ಣು ಹುಡುಕೋದೇಯ. ಇದಕ್ಕೆ ಮೇಲೊಂದು ಪೊರೆ ಐತೆ ಅಂತ ನಂಗೆ ಹೆಂಗೆ ಗೊತ್ತಾಗಬೇಕು?' ಎನ್ನುತ್ತಾರೆ. ಹಿತ್ತಾಳೆ ಕಪ್ಪಾಗದಿರಲೆಂದು ಕಾರ್ಖಾನೆಯಲ್ಲಿ ಬಳಿದ, ಗಾಜಿನಂತೆ ಪಾರದರ್ಶಕವಾದ ಆ ತೆಳುಲೇಪ ಸುಲಿದುಹೋಗಿ, ಬಾಯಿಯ ಅರ್ಧ ಹೊಂಬಣ್ಣವಾಗಿಯೂ ಉಳಿದರ್ಧ ಸಿಪ್ಪೆ ತೆಗೆದ ಈರುಳ್ಳಿಯಂತೆ ಎಳೆಗೆಂಪಾಗಿಯೂ ನಿಂತಿತು. ಬಾಷಾ ಸಾಬ್ ಬಂದರು, ನೋಡಿದರು, ಬಾಜಾವನ್ನು ಎತ್ತಿ ಗೂಟಕ್ಕೆ ತೂಗುಹಾಕಿದರು. ಮರುದಿನ ಮಧುಗಿರಿಯ ಮದುವೆಯೊಂದರಲ್ಲಿ ಯಾರೋ 'ಇದೇನು ಸಾಬ್ರೇ, ಎರಡು ಬಣ್ಣ?' ಎಂದಾಗ ಎದೆಯುಬ್ಬಿಸಿ ಹೇಳಿದರಂತೆ: 'ಹೊಸಾ ಮಾಡಲ್ಲು ಕಣಪ್ಪ. ಈ ಕಡೆಗೆಲ್ಲ ಮೊದಲನೇದು.'

ಆ ಮಾತು ಮನೆಗೆ ತಲುಪಿದ ಸಂಜೆ ಖಾಜಾಬಿ ಅತ್ತರು, ಮತ್ತು ಆ ಸಂಜೆಯಿಂದಲೇ ವಾದ್ಯಗಳ ಆರೈಕೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಲೇಪವಿದ್ದ ಭಾಗಕ್ಕೆ ಉಗುರುಬೆಚ್ಚಗಿನ ನೀರು ಮತ್ತು ಮೆದುಬಟ್ಟೆ, ಅದರಾಚೆ ಏನೂ ಸೋಂಕಕೂಡದು; ಬೋಳಾದ ಭಾಗಕ್ಕೆ ಬೇರೆಯೇ ಉಪಚಾರ, ಪ್ರತಿ ಮದುವೆಯ ನಂತರವೂ. ಎರಡು ಸ್ವಭಾವದ ಅವಳಿ ಮಕ್ಕಳನ್ನು ಒಂದೇ ತೊಡೆಯ ಮೇಲೆ ಸಾಕಿದಂತೆ ಸಾಕಿದರು. ಕಾಲಕ್ರಮದಲ್ಲಿ ಆ ಎಳೆಗೆಂಪು ತಿಳಿಹಳದಿಗೆ ಇಳಿದು, ಬೋಳುಭಾಗವೇ ಲೇಪದ ಭಾಗಕ್ಕಿಂತ ಆಳವಾಗಿ ಮಿನುಗತೊಡಗಿತು. ಮಧುಗಿರಿ, ಕೊರಟಗೆರೆಯ ಕಡೆ ಮಂದಿ 'ಎರಡು ಬಣ್ಣದ ಬಾಜಾದ ಬ್ಯಾಂಡು' ಎಂದೇ ಇವರನ್ನು ಗುರುತಿಸುವುದು.

ಅವರು ಬ್ಯಾಂಡಿನ ಕೋಟನ್ನು ತಿದ್ದಿದ ಕಥೆಯನ್ನೂ ಹೇಳಲೇಬೇಕು. ಕಡುಗೆಂಪು ಕೋಟು, ಜರಿಯ ಭುಜಪಟ್ಟಿ, ಎದೆಯುದ್ದಕ್ಕೂ ಫಳಫಳಿಸುವ ಲೋಹದ ಗುಂಡಿಗಳು: ಯಾವ ಬ್ಯಾಂಡಿಗಾದರೂ ಇವೇ ಭೂಷಣ. ಆ ಗುಂಡಿಗಳು ವಾದ್ಯದ ಹೊಟ್ಟೆಗೆ ಗೀರು ಹಾಕುತ್ತಿವೆಯೆಂದು ಕಂಡ ದಿನ ಖಾಜಾಬಿ ಕತ್ತರಿ ಹಿಡಿದು ಕುಳಿತು ಅಷ್ಟನ್ನೂ ಕಿತ್ತು, ಬಟ್ಟೆ ಸುತ್ತಿದ ಗುಂಡಿಗಳನ್ನು ಹೊಲಿದರು. ಕೋಟು ಮಂಕಾಯಿತೆಂದು ಊದುವವರೆಲ್ಲ ಗೊಣಗಿದರು. ಡ್ರಮ್ಮಿನ ತಿಪ್ಪಯ್ಯನಂತೂ ಒಂದು ದಿನ ಕೋಟೇ ತೊಡಲಿಲ್ಲ. 'ಗುಂಡಿ ನೋಡಿ ಯಾರಾದ್ರೂ ಮದುವೆಗೆ ಕರೀತಾರಾ? ಹೊಳಿಯೋದಾದ್ರೆ ಬಾಜಾ ಹೊಳೀಲಿ ಬುಡು' ಎಂದರು ಖಾಜಾಬಿ. ಅಲ್ಲಿಗೆ ಚರ್ಚೆ ಮುಗಿಯಿತು.

ಬಾಷಾ ಸಾಬ್ ತೀರಿಕೊಂಡ ಮೇಲೆ ದೊಡ್ಡ ಬಾಜಾ ಮತೀನನ ಎದೆಗೆ ಬಂತು, ಖಾಜಾಬಿ ವ್ಯಾನಿನ ಮುಂದಿನ ಸೀಟಿಗೆ ಬಂದರು. ವಿಧವೆ ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ದಿನಗಳು ಮುಗಿದ ಬಳಿಕ ಅವರು ಬ್ಯಾಂಡಿನೊಂದಿಗೆ ಊರೂರಿಗೆ ಹೊರಟಾಗ ಓಣಿಯಲ್ಲಿ ಗುಸುಗುಸು ಎದ್ದಿತು; ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮೆರವಣಿಗೆಯ ಹಿಂದೆ ನಿಧಾನಕ್ಕೆ ಬರುವ ವ್ಯಾನಿನಲ್ಲಿ, ಮಡಿಲಲ್ಲಿ ಬಟ್ಟೆಗಳನ್ನಿಟ್ಟುಕೊಂಡು ಕೂತಿರುತ್ತಿದ್ದರು.

ನಾನು ಅವರ ಪೂರ್ತಿ ಎತ್ತರವನ್ನು ಕಂಡದ್ದು ಪಾವಗಡದ ಕಡೆಯ ಕ್ಯಾತಗಾನಚೆರ್ಲುವಿನಲ್ಲಿ, ನನ್ನ ಹಳೆಯ ಸಹೋದ್ಯೋಗಿಯ ಮಗಳು ಬಿಂದುಶ್ರೀಯ ಮದುವೆಯಲ್ಲಿ. ಸಂಜೆಯಿಳಿಯುವ ಮುಂಚಿನ ಬಿಸಿಲು. ಊರಾಚೆ ಕಣ್ಣು ಹರಿಯುವವರೆಗೂ ಹಾಸಿದ ಸೋಲಾರ್ ಹಲಗೆಗಳು ಆಕಾಶವನ್ನೇ ನೆಲಕ್ಕೆ ತಂದಿದ್ದವು. ಗಂಡಿನ ಕಡೆಯವರನ್ನು ಊರಬಾಗಿಲಲ್ಲಿ ಎದುರುಗೊಂಡು ಹೆಣ್ಣಿನ ಮನೆಗೆ ಕರೆತರಬೇಕಾಗಿತ್ತು. ಬ್ಯಾಂಡು ಮೊದಲಾಯಿತು, ವರನ ಗೆಳೆಯರು ಕುಣಿಯತೊಡಗಿದರು, ಅವರ ಕೈಯಲ್ಲಿ ಬಿಳಿಯ ನೊರೆ ಚಿಮ್ಮಿಸುವ ಡಬ್ಬಿಗಳಿದ್ದವು. ಮೊದಮೊದಲು ಒಬ್ಬರ ತಲೆಗೊಬ್ಬರು ಚಿಮ್ಮಿಸಿಕೊಂಡರು. ಆಮೇಲೆ ಒಬ್ಬನು ಕುಣಿಯುತ್ತ ಬಂದು ಮತೀನ್ ಊದುತ್ತಿದ್ದ ದೊಡ್ಡ ಬಾಜಾದ ಬಾಯೊಳಕ್ಕೇ ಡಬ್ಬಿಯನ್ನು ಒತ್ತಿಹಿಡಿದ. ನೊರೆ ತುಂಬಿ, ಉಕ್ಕಿ, ಎರಡು ಬಣ್ಣದ ಮೇಲೂ ಇಳಿಯಿತು. ಗುಂಪು ಹೋ ಎಂದು ನಕ್ಕಿತು.

ವ್ಯಾನಿನ ಬಾಗಿಲು ತೆರೆಯಿತು. ಖಾಜಾಬಿ ಆ ಸಣ್ಣ ಹೆಜ್ಜೆಗಳಲ್ಲಿ ಗುಂಪಿನ ನಡುವೆ ನಡೆದುಬಂದು ಕೈಯೆತ್ತಿದರು. ಒಂದೊಂದೇ ವಾದ್ಯ ನಿಂತಿತು, ಕೊನೆಗೆ ತಿಪ್ಪಯ್ಯನ ಡ್ರಮ್ಮೂ ನಿಂತಿತು. ಮಗನ ಎದೆಯಿಂದ ಬಾಜಾವನ್ನು ಬಿಡಿಸಿಕೊಂಡು, ಪಕ್ಕದ ಮನೆಯ ಜಗಲಿಯಲ್ಲಿ ಕುಳಿತು, ಒಂದು ಚೊಂಬು ನೀರು ಕೇಳಿ, ನೊರೆಯನ್ನು ಒರೆಸತೊಡಗಿದರು. ವಧುವಿನ ಸೋದರಮಾವ ನಾಗಲಿಂಗಯ್ಯ ಧಾವಿಸಿ ಬಂದರು. ಬೀಗರನ್ನು ಬೈಯುವಂತಿಲ್ಲ, ಹೊತ್ತು ಮೀರುವಂತಿಲ್ಲ, ಬೆವರುತ್ತಿದ್ದರು.

'ಏನಮ್ಮಾ ಇದು! ಬೀಗರು ಬೀದೀಲಿ ನಿಂತವ್ರೆ, ನೀನು ಪಾತ್ರೆ ತೊಳೀತಾ ಕುಂತಿದೀಯ?'

'ಪಾತ್ರೆ ಅಲ್ಲ ಕಣಣ್ಣ, ಬಾಜಾ.'

'ಕೆಟ್ರೆ ಹೊಸದು ಕೊಡಿಸ್ತೀನಿ, ಎದ್ದೇಳು.'

ಖಾಜಾಬಿ ತಲೆಯೆತ್ತಿದರು. 'ಹೊಸದು ಕೊಡಿಸ್ತೀಯ, ಸರಿ. ಇದರ ಮೇಲೆ ಇಷ್ಟು ವರ್ಷ ಕೈ ಆಡ್ಸಿದೀನಲ್ಲ, ಅದನ್ನ ಎಲ್ಲಿಂದ ತತ್ತೀಯಣ್ಣ? ಆ ಡಬ್ಬಿ ಕೆಳಗಿಡಲಿ, ಊದ್ತಾರೆ. ಇಡಲ್ಲಾಂದ್ರೆ ನಾವು ವ್ಯಾನ್ ಹತ್ತುತೀವಿ.'

ಮತೀನನ ಮುಖ ಬಿಳಿಚಿಕೊಂಡಿತು. 'ಛೋಡೋ ಅಮ್ಮೀ, ಸೀಜನ್ ಹಾಳಾಗ್ತದೆ. ನಾಳೆ ಯಾರು ಕರೀತಾರೆ?'

'ನಿಮ್ಮಪ್ಪ ಇದನ್ನ ಎತ್ಕೊಂಡು ಎದೆ ಸೆಟೆಸಿ ನಿಂತವ್ರೆ ಕಣ್ಲಾ. ನೀನು ತಲೆ ತಗ್ಗಿಸ್ಕೊಂಡು ಊದಬ್ಯಾಡ.'

ಗೆಳೆಯರ ಗುಂಪು ಡಬ್ಬಿ ಕೆಳಗಿಡಲಿಲ್ಲ. ಯಾರೋ ವರನ ಕಾರಿನ ಸ್ಪೀಕರಿನಲ್ಲಿ ಹಾಡು ಹಾಕಿದರು, ಮೆರವಣಿಗೆ ಅದರ ಹಿಂದೆ ಹೊರಟಿತು. ನೂರಾನಿ ಬ್ಯಾಂಡಿನವರು ಒಂದೊಂದೇ ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿ ವ್ಯಾನಿಗೇರಿಸತೊಡಗಿದರು. ಖಾಜಾಬಿ ಒರೆಸುವುದನ್ನು ನಿಲ್ಲಿಸಲಿಲ್ಲ.

ಅತ್ತ ಹೆಣ್ಣಿನ ಮನೆಯ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದವರು ವಧುವಿನ ಅಜ್ಜಿ ಕೆಂಚಮ್ಮ. ಕಾರಿನ ಸದ್ದು ಕೇಳಿದ್ದೇ ತಟ್ಟೆ ಇಳಿಸಿ, ಆ ಸೀಮೆಯ ತೆಲುಗು ಬೆರೆತ ಮಾತಿನಲ್ಲಿ, 'ಏಮಿರಾ ಇದಿ? ನಮ್ಮ ಬ್ಯಾಂಡು ಎಲ್ಲಿ ಹೋಯ್ತಲಾ?' ಎಂದರಂತೆ. ನಡೆದದ್ದನ್ನು ಯಾರೋ ಹೇಳಿದರು. 'ಅವರ ಬಾಜಾಕೆ ಉಗುಳಿದಂಗೆ ಮಾಡಿ, ನನ್ನ ಮನೆ ಬಾಗಿಲಿಗೆ ಕಾರಿನ ಡಬ್ಬಾ ಪಾಟ ಹಾಕ್ಕೊಂಡು ಬತ್ತಾರಾ? ಬ್ಯಾಂಡು ಬರೋಗಂಟ ಆರತಿ ಲೇದು, ಪೋ!' ಮುದುಕಿ ತಟ್ಟೆಯನ್ನು ಪಕ್ಕಕ್ಕಿಟ್ಟು ಹೊಸ್ತಿಲ ಮೇಲೆ ಕೂತೇಬಿಟ್ಟರು.

ವರ ಒಳ್ಳೆಯ ಹುಡುಗ. ಕಾರಿನಿಂದ ಇಳಿದು ತಾನೇ ಗೆಳೆಯರ ಕೈಯಿಂದ ಡಬ್ಬಿಗಳನ್ನು ಕಿತ್ತುಕೊಂಡ. ನಾಗಲಿಂಗಯ್ಯ ಬಿಸಿಲಲ್ಲಿ ನಡೆದು, ಅಷ್ಟರಲ್ಲಿ ಖಾಜಾಬಿ ಬಾಜಾದೊಂದಿಗೆ ಹತ್ತಿ ಕುಳಿತಿದ್ದ ವ್ಯಾನಿನ ಬಳಿಗೆ ಬಂದರು. ಕಿಟಕಿಯ ಬಳಿ ನಿಂತು, 'ಬಾಮ್ಮ, ನಿನ್ನ ಬಾಜಾಕ್ಕೆ ಇನ್ನೊಂದು ಹನಿ ಬೀಳಲ್ಲ' ಎಂದರು. ಖಾಜಾಬಿ ಗೆದ್ದವರಂತೆ ನಗಲಿಲ್ಲ. ಹಳದಿ ಬಟ್ಟೆಯಿಂದ ಕೊನೆಯ ಸಲ ತೀಡಿ, ಕೆಳಗಿಳಿದು, ಬಾಜಾವನ್ನು ಮಗನ ಎದೆಗೇರಿಸಿ, ಕೋಟಿನ ಕಾಲರನ್ನು ಸರಿಮಾಡಿದರು. ಅಂದು ಮತೀನ್ ಊದಿದ ಹಾಗೆ ಮತ್ತೆಂದೂ ಊದಿದ್ದನ್ನು ನಾನು ಕೇಳಿಲ್ಲ. ಪಡುವಣದ ಬಿಸಿಲು ಎರಡು ಬಣ್ಣಗಳ ಮೇಲೂ ಬಿದ್ದು, ಆ ಧೂಳಿನ ಬೀದಿಯ ಗೋಡೆಗೋಡೆಯಲ್ಲೂ ಹೊಂಬೆಳಕಿನ ತುಣುಕುಗಳು ಕುಣಿದವು. ಕೆಂಚಮ್ಮ ಎದ್ದು ನಿಂತು ವರನಿಗೆ ಆರತಿ ಬೆಳಗಿದರು. ಆಮೇಲೆ ತಟ್ಟೆಯನ್ನು ತುಸು ಬದಿಗೆ ತಿರುಗಿಸಿ ಬಾಜಾಕ್ಕೂ ಒಂದು ಸುತ್ತು ಬೆಳಗಿಬಿಟ್ಟರು.

ಸುದ್ದಿ ಎರಡು ಬಗೆಯಾಗಿ ಹರಡಿತು. ಹುಲಿಕುಂಟೆಯ ಒಂದು ಮನೆಯವರು ಅಂಥ ತಕರಾರಿನ ಬ್ಯಾಂಡು ತಮಗೆ ಬೇಡವೆಂದು ಕೈಬಿಟ್ಟರು. ಬರಗೂರಿನ ಇನ್ನೊಂದು ಮನೆಯವರು ಬ್ಯಾಂಡಿನ ಜೊತೆ 'ಆಯಮ್ಮನೂ ಬರಬೇಕು' ಎಂದು ಕರೆದರು. ಖಾಜಾಬಿ ಎರಡನ್ನೂ ಒಂದೇ ಮುಖದಲ್ಲಿ ಕೇಳಿಸಿಕೊಂಡು ನೀರು ಕಾಯಿಸಲು ಹೋದರು.

ಇಂಥವರ ಕುಲವೊಂದು ಎಲ್ಲ ಊರುಗಳಲ್ಲೂ ಇದೆ. ಅವರು ವಾದ್ಯ ನುಡಿಸುವುದಿಲ್ಲ, ವೇದಿಕೆ ಏರುವುದಿಲ್ಲ, ಯಾರೂ ಅವರಿಗೆ ಶಾಲು ಹೊದಿಸುವುದಿಲ್ಲ. ಆದರೂ ಅವರಷ್ಟು ಅಭಿಮಾನಧನರನ್ನು ನಾನು ವೇದಿಕೆಗಳ ಮೇಲೆ ಹೆಚ್ಚು ಕಂಡಿಲ್ಲ. ಏಕೆಂದರೆ ಅವರ ಅಭಿಮಾನ ತಮ್ಮ ಹೆಸರಿಗೆ ಅಂಟಿದ್ದಲ್ಲ, ತಮ್ಮ ಪಾಲಿಗೆ ಬಂದ ವಸ್ತುವಿಗೆ ಅಂಟಿದ್ದು, ಮತ್ತು ಆ ವಸ್ತುವಿಗೆ ಅವಮಾನವಾದಾಗ ಮಾತ್ರ ಅದು ಎದ್ದು ನಿಲ್ಲುತ್ತದೆ. ಮೆರೆಯುವವರಿಗೆ ಮೆರವಣಿಗೆ ಮುಗಿಯುವ ಗಳಿಗೆಯೊಂದಿರುತ್ತದೆ. ಕಾಯುವವರ ಕೆಲಸ ಶುರುವಾಗುವುದು ಆ ಗಳಿಗೆಯಲ್ಲಿ. ಮರುದಿನದ ಸೂರ್ಯ ಬಂದು ಮುಖ ನೋಡಿಕೊಳ್ಳಲು ಊರಲ್ಲಿ ಏನಾದರೂ ಉಳಿದಿರುವುದು ಅವರಿಂದ.