ಕಂಬವಿಲ್ಲದ ಹಾಲ್

ವಿಟ್ಲದ ಹಸೈನಾರ್ ಮೇಸ್ತ್ರಿ ಕಟ್ಟಿದ ಮನೆಯನ್ನು ಗುರುತಿಸಲು ಬೋರ್ಡು ಬೇಕಾಗಿಲ್ಲ. ಚಾವಡಿಯ ನಟ್ಟನಡುವೆ ಯಾರಿಗೂ ಬೇಡದ ಒಂದು ಕಂಬ ನಿಂತಿದ್ದರೆ ಅದು ಅವರದೇ ಕೆಲಸ. ಟಿವಿ ನೋಡಲು ಕತ್ತು ವಾಲಿಸಬೇಕಾದ ಮನೆಯವರು ಗೊಣಗುತ್ತಿದ್ದರು, ಮೇಸ್ತ್ರಿ ಮಾತ್ರ ಜಗ್ಗುತ್ತಿರಲಿಲ್ಲ. ಹದಿನೆಂಟು ವರ್ಷಗಳ ಹಿಂದೆ ಒಂದು ಪೋರ್ಟಿಕೋದ ಸ್ಲ್ಯಾಬಿಗೆ ಕೊಟ್ಟ ಆಸರೆಗಳನ್ನು ಇನ್ನು ತೆಗೆಯಬಹುದು ಎಂದು ಹೇಳಿದ್ದು ಅವರೇ. ತೆಗೆಯಲು ಹೋದ ಮಗ ಕುಸಿದ ಸ್ಲ್ಯಾಬಿನಡಿಯಲ್ಲೇ ಸತ್ತ. ಆಮೇಲೆ ಕಂಬವಿಲ್ಲದ ಮಾಡಿನ ಮೇಲೆ ಅವರಿಗೆ ನಂಬಿಕೆಯೇ ಹೋಯಿತು.

ಈಗ ಆ ಮಗನ ಮಗಳು ರಿಫಾಳ ಮದುವೆ. ಗಂಡಿನ ಕಡೆಯವರು ಗೊತ್ತು ಮಾಡಿದ್ದು ಫರಂಗಿಪೇಟೆಯಲ್ಲಿ ಹೆದ್ದಾರಿ ಬದಿಗೆ ಎದ್ದ ಹೊಸ ಹಾಲ್. ಮೂರು ಸಾವಿರ ಜನ ಕೂರುವ ಜಾಗ, ನಡುವೆ ಒಂದೇ ಒಂದು ಕಂಬವಿಲ್ಲ. ತಂದೆಯಿಲ್ಲದ ಹುಡುಗಿಗೆ ಅಜ್ಜನೇ ವಲಿ. ನಿಕಾಹ್‌ನಲ್ಲಿ ಮದುಮಗನ ಕೈ ಹಿಡಿದು ಹುಡುಗಿಯನ್ನು ಒಪ್ಪಿಸಬೇಕಾದವರು. ಆ ಕೆಲಸವನ್ನು ಮಸೀದಿಯ ಖತೀಬರಿಗೆ ವಹಿಸಿ ತಾನು ಹೊರಗೆ ಚಪ್ಪರದಲ್ಲಿ ಕೂರುತ್ತೇನೆ ಎಂದು ಮೇಸ್ತ್ರಿ ಹಟ ಹಿಡಿದರು. ರಿಫಾ ಜಗಳಕ್ಕೆ ಬರಲಿಲ್ಲ.

“ಬೇರೆಯವರ ಕೈಯಿಂದ ನಾನು ಹೋಗುವುದಿಲ್ಲ ಅಜ್ಜ,” ಎಂದಷ್ಟೇ ಹೇಳಿದಳು.

ಆ ಮಾತು ನಾಟಿತು. ಮದುವೆಯ ಹಿಂದಿನ ದಿನ ಮಧ್ಯಾಹ್ನ ಮೇಸ್ತ್ರಿ ಬಸ್ಸು ಹತ್ತಿ ಫರಂಗಿಪೇಟೆಯಲ್ಲಿ ಇಳಿದರು. ಹಾಲ್‌ನ ಬಾಗಿಲಲ್ಲೇ ನಿಂತುಬಿಟ್ಟರು. ಆ ತುದಿಯಲ್ಲಿ ಕುರ್ಚಿ ಜೋಡಿಸುವವರು ಬೆರಳುದ್ದ ಕಾಣುತ್ತಿದ್ದರು. ಒಂದು ಗದ್ದೆಬಯಲಿಗೇ ಯಾರೋ ಮಾಡು ಹೊದೆಸಿಬಿಟ್ಟಿದ್ದರು. ನಲ್ವತ್ತು ವರ್ಷ ಗಾರೆ ಕಲಸಿದವರು ಒಂದು ಕಂಬಕ್ಕಾಗಿ ಕಣ್ಣಾಡಿಸಿದರು. ಪುಣ್ಯಕ್ಕೆ ವೇದಿಕೆಯ ಎರಡು ಬದಿಗೆ ಎರಡು ದಪ್ಪ ಬಿಳಿ ಕಂಬಗಳು ಕಂಡವು. ಅಬ್ಬ, ಇಂಜಿನಿಯರನಿಗೆ ಸ್ವಲ್ಪವಾದರೂ ಬುದ್ಧಿ ಉಂಟು ಎಂದುಕೊಂಡು ಗೋಡೆಗುಂಟ ನಡೆದು ಒಂದರ ಬುಡದಲ್ಲಿ ಕುಳಿತರು. ನಿಕಾಹ್ ಇಲ್ಲೇ ಆಗಲಿ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಯೂ ಬಿಟ್ಟರು.

ಅಷ್ಟರಲ್ಲಿ ಅಲಂಕಾರದ ಹೆಂಗಸೊಬ್ಬಳು ಬಂದು, ಸ್ವಲ್ಪ ಸರಿಯಿರಿ ಎಂದು ಹೇಳಿ, ಕಂಬವನ್ನು ಹೂಬುಟ್ಟಿಯಂತೆ ಎತ್ತಿಕೊಂಡು ಹೊರಟೇಹೋದಳು. ಅದು ಥರ್ಮಾಕೋಲ್.

ಇದನ್ನು ನೋಡುತ್ತಿದ್ದ ಹಾಲ್‌ನ ಮ್ಯಾನೇಜರ್ ದಯಾನಂದನಿಗೆ ನಗು ಬಂತು. ಹಿರಿಯರ ಮುಖ ಬಿಳಿಚಿದ್ದು ಕಂಡು ಅದನ್ನು ನುಂಗಿಕೊಂಡ. ಅವರು ಮೇಸ್ತ್ರಿ ಎಂದೂ ಈ ಮಾಡಿಗೆ ಹೆದರಿದ್ದಾರೆ ಎಂದೂ ಕೇಳಿ ತಿಳಿದು, ಕೈಹಿಡಿದು ಹಿಂಬದಿಯ ಮೆಟ್ಟಿಲು ಹತ್ತಿಸಿ, ಮಾಡಿನ ಒಳಗಿನ ಕಿರುದಾರಿಗೆ ಕರೆದೊಯ್ದ. ಅಲ್ಲಿ ದಪ್ಪ ಕಬ್ಬಿಣದ ಪೈಪುಗಳು ತ್ರಿಕೋನ ತ್ರಿಕೋನವಾಗಿ ಹೆಣೆದುಕೊಂಡು ಈ ಗೋಡೆಯಿಂದ ಆ ಗೋಡೆಗೆ ಹಾರಿದ್ದವು. ಒಂದರ ಭಾರವನ್ನು ಇನ್ನೊಂದು ಹೊತ್ತು, ಅದರದ್ದನ್ನು ಮತ್ತೊಂದು ಹೊತ್ತು, ಕಡೆಗೆ ಎಲ್ಲವೂ ಗೋಡೆಯ ಹೆಗಲಿಗೆ ಇಳಿಯುತ್ತಿತ್ತು. ಮೇಸ್ತ್ರಿ ಒಂದೊಂದನ್ನೂ ಮುಟ್ಟಿ ನೋಡಿದರು. ಇಷ್ಟು ಚಂದದ ಕೆಲಸವನ್ನು ಬದುಕಿನಲ್ಲೇ ಕಂಡಿರಲಿಲ್ಲ. ಆದರೂ ಕೇಳಬೇಕಾದ್ದು ಒಂದಿತ್ತು.

“ಆಸರೆ ಎಷ್ಟು ದಿನ ಇಟ್ಟಿದ್ದಿರಿ?”

“ಆಸರೆಯೇ ಇರಲಿಲ್ಲ ಮೇಸ್ತ್ರಿಗಳೇ. ಕೆಳಗೆ ನೆಲದಲ್ಲೇ ಜೋಡಿಸಿ ಕ್ರೇನಿನಲ್ಲಿ ಎತ್ತಿ ಇಟ್ಟದ್ದು. ತೆಗೆಯುವಂಥದ್ದು ಏನೂ ಇಲ್ಲ.”

ತೆಗೆಯುವಂಥದ್ದು ಏನೂ ಇಲ್ಲ ಎಂದು ಮೇಸ್ತ್ರಿ ತಮಗೆ ತಾವೇ ಹೇಳಿಕೊಂಡರು. ಕೆಳಗಿಳಿದ ಮೇಲೆ, ನಿಕಾಹ್‌ನ ಕುರ್ಚಿಗಳನ್ನು ವೇದಿಕೆಯಲ್ಲಿ ಬೇಡ, ಹಾಲ್‌ನ ನಟ್ಟನಡುವೆ ಇಡಿಸಿ ಎಂದರು.

ಮರುದಿನ ಅಲ್ಲೇ ಕುಳಿತು ಮದುಮಗ ಸಿನಾನ್‌ನ ಬಲಗೈಯನ್ನು ತಮ್ಮ ಬಲಗೈಯಲ್ಲಿ ಹಿಡಿದರು. ಖತೀಬರು ಹೇಳಿಕೊಟ್ಟದ್ದನ್ನು ತುಂಡುತುಂಡಾಗಿ ಹೇಳುತ್ತಾ ಬಂದವರು ಹುಡುಗಿಯ ತಂದೆಯ ಹೆಸರು ಬರುವಲ್ಲಿ ನಿಂತುಬಿಟ್ಟರು. ಹದಿನೆಂಟು ವರ್ಷಗಳಲ್ಲಿ ಒಮ್ಮೆಯೂ ಅವರ ಬಾಯಿಂದ ಹೊರಡದ ಹೆಸರು ಅದು.

“ನನ್ನ ಮಗ ನವಾಝ್‌ನ ಮಗಳು ರಿಫಾ,” ಎಂದರು ಮೇಸ್ತ್ರಿ. ದೂರದಲ್ಲಿ ಹೆಂಗಸರ ಕಡೆ ಕುಳಿತಿದ್ದ ರಿಫಾಳಿಗೂ ಅದು ಕೇಳಿಸಿತು.