ತೋಳಿನ ಹೊಲಿಗೆ

ಟೈಲರಕ್ಕನಿಗೆ ಹೊದಿಸಿದ್ದ ಬಿಳಿ ಬಟ್ಟೆಯ ಅಂಚನ್ನು ಎಳೆದು ಸರಿಮಾಡುತ್ತಾ ಹಾಲಿನಂಗಡಿಯಾಕೆ ಮೂಗೊರೆಸಿಕೊಂಡಳು.

"ಕೊನೇವರೆಗೂ ಒಂದು ಅಂಗೀನಾದ್ರೂ ಒಂದೇ ಸಲಕ್ಕೆ ನೆಟ್ಟಗೆ ಹೊಲೀಲಿಲ್ವಲ್ಲೇ ಮಹರಾಯ್ತಿ."

ಸುತ್ತ ಕೂತಿದ್ದ ಹಿರಿಯ ಹೆಂಗಸರು ಅಳುತ್ತಲೇ ನಕ್ಕರು. ಬೀದಿಗೆಲ್ಲ ಗೊತ್ತಿದ್ದ ಮಾತು ಅದು. ಅದರಲ್ಲೂ ಬಸುರಿಯರ ಅಂಗಿ ಅವಳ ಕೈಗೆ ಸಿಕ್ಕಿತೆಂದರೆ ಮುಗಿಯಿತು, ತಿಂಗಳು ತಿಂಗಳೂ ಅಳತೆ, ತಿಂಗಳು ತಿಂಗಳೂ ರಿಪೇರಿ. ಸೊಸೆಯಂದಿರು ಮಾತ್ರ ನಗಲಿಲ್ಲ. ಹಾಲಿನಂಗಡಿಯಾಕೆಯ ಸೊಸೆ, ಎಂಟು ತಿಂಗಳ ಬಸುರಿ, ಗೋಡೆಗೊರಗಿ ಬಿಕ್ಕುತ್ತಿದ್ದಳು. ಇವತ್ತು ಸಂಜೆ ಅವಳು ಡಾಕ್ಟರಮ್ಮನ ಹತ್ತಿರ ಹೋಗಲೇಬೇಕಿತ್ತು. ಮನೆಯಿಂದ ಹೊರಡಲು ನೆಪ ಕೊಡುತ್ತಿದ್ದ ಟೈಲರಕ್ಕನೇ ಹೀಗೆ ಮಲಗಿಬಿಟ್ಟಿದ್ದಳು.

*

ಮೊದಲ ಸಲ ಅಳತೆಗೆ ಬಂದಾಗ ಸೊಸೆ ಸಂಕಟ ತೋಡಿಕೊಂಡಿದ್ದಳು. ಗಂಡ ದೂರದಲ್ಲಿ ಲಾರಿ ಓಡಿಸುತ್ತಾನೆ, ಆಸ್ಪತ್ರೆ ಎಂದರೆ ಅತ್ತೆ ರೇಗುತ್ತಾರೆ, ನಾವೆಲ್ಲ ಹೆರಲಿಲ್ಲವೇ, ಬಸುರೇನು ಕಾಯಿಲೆಯೇ ಎನ್ನುತ್ತಾರೆ. ಟೈಲರಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದಿಟ್ಟು, ಅಂಗಡಿಯ ಹಿಂಬಾಗಿಲು ತೆರೆದು ತೋರಿಸಿದಳು. ಆಚೆ ಓಣಿ, ಓಣಿಯ ಕೊನೆಗೆ ಆಸ್ಪತ್ರೆ.

ಅಂಗಿ ಎರಡೇ ದಿನಕ್ಕೆ ಸಿದ್ಧವಾಗಿತ್ತು. ಆಮೇಲೆ ಪ್ರತಿ ತಿಂಗಳೂ ಟೈಲರಕ್ಕನೇ ತೋಳಿನ ಹೊಲಿಗೆ ಬಿಚ್ಚುತ್ತಿದ್ದಳು, ಹುಡುಗಿ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮತ್ತೆ ಹೊಲಿಯುತ್ತಿದ್ದಳು, ಬೇಕೆಂದೇ ಬಿಗಿಯಾಗಿ.

"ನಿಮಗೆ ಕೆಟ್ಟ ಹೆಸರು ಬರುತ್ತಲ್ಲಕ್ಕಾ."

"ಬರ್ಲಿ ಬಿಡೇ. ನನ್ನ ತಂಗಿಗೂ ಕಾಲು ಊದಿತ್ತು. ಬಸುರೀಲಿ ಇದೆಲ್ಲ ಇದ್ದದ್ದೇ ಅಂದ್ರು ಎಲ್ರೂ. ಅವಳೂ ಉಳೀಲಿಲ್ಲ, ಕೂಸೂ ಉಳೀಲಿಲ್ಲ." ಅಷ್ಟು ಹೇಳಿ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದ್ದಳು.

*

ಎಲ್ಲ ಮುಗಿಸಿ ಬಂದ ಮೇಲೆ ಟೈಲರಕ್ಕನ ಗಂಡ ಅಂಗಡಿ ತೆರೆದು, ಉಳಿದ ಬಟ್ಟೆಗಳನ್ನು ಅವರವರಿಗೆ ಕೊಡತೊಡಗಿದ. ಹಾಲಿನಂಗಡಿಯಾಕೆ ಸೊಸೆಯ ಅಂಗಿಯನ್ನು ಬೆಳಕಿಗೆ ಹಿಡಿದಳು. ಹೊಲಿಗೆಯೆಲ್ಲ ಗೆರೆ ಎಳೆದ ಹಾಗಿತ್ತು. ತೋಳಿನಲ್ಲಿ ಮಾತ್ರ ಬಿಚ್ಚಿ ಬಿಚ್ಚಿ ಹೊಲಿದ ಸೂಜಿತೂತುಗಳು.

"ಇಷ್ಟು ಚೆನ್ನಾಗಿ ಹೊಲಿಯೋಳು ಇದನ್ನ್ಯಾಕೆ ಹೀಗೆ ಬಿಚ್ಚಿದ್ಲು?"

ಸೊಸೆ ದನಿ ತಗ್ಗಿಸಿದಳು. "ನಾನು ಆಸ್ಪತ್ರೆಗೆ ಹೋಗ್ಲಿ ಅಂತ, ಅತ್ತೆ. ಬಿ.ಪಿ. ಜಾಸ್ತಿ ಇದೆಯಂತೆ. ಇವತ್ತು ಮಾತ್ರ ತಪ್ಪಿಸ್ಬೇಡ ಅಂದಿದಾರೆ."

ಬೈಯಲೆಂದು ಬಾಯಿ ತೆರೆದ ಅತ್ತೆಯ ಕಣ್ಣು ಸೊಸೆಯ ಪಾದದ ಮೇಲೆ ಬಿತ್ತು. ಚಪ್ಪಲಿಯ ಪಟ್ಟಿ ಊದಿದ ಚರ್ಮದಲ್ಲಿ ಹೂತುಹೋಗಿತ್ತು. ಒಂದೇ ಮನೆಯಲ್ಲಿದ್ದೂ ಅವಳು ಅದನ್ನು ನೋಡಿರಲಿಲ್ಲ. ಸತ್ತವಳಿಗೆ ಬೆಳಗ್ಗೆ ತಾನಾಡಿದ ಮಾತು ನೆನಪಾಯಿತು. ಅಂಗಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಸೊಸೆಯ ಕೈ ಹಿಡಿದು ಹೊರಟಳು.

ಎಲ್ಲಿಗೆ ಹೊರಟಿರಿ ಎಂದು ಪಕ್ಕದ ಮನೆಯಾಕೆ ಕೇಳಿದಳು. ಅವಳ ಬೆನ್ನ ಹಿಂದೆ ಅವಳ ಸೊಸೆಯೂ ಇದ್ದಳು, ಐದು ತಿಂಗಳ ಬಸುರಿ, ಅರ್ಧ ಹೊಲಿದ ಅಂಗಿ ಹಿಡಿದುಕೊಂಡು.

"ಇವಳದು ತೋಳು ಬಿಗಿಯಂತೆ, ಸರಿಮಾಡಿಸ್ಕೊಂಡು ಬರ್ತೀವಿ. ನಿನ್ನ ಸೊಸೇನೂ ಕಳಿಸು."

"ಹೊಲಿಯೋಳೇ ಹೋದ್ಲಲ್ಲೇ?"

ಹಾಲಿನಂಗಡಿಯಾಕೆ ಅಂಗಡಿಯ ಹಿಂಬಾಗಿಲ ಚಿಲಕ ತೆಗೆದು, ಹುಡುಗಿಯರಿಬ್ಬರೂ ಹೊಸ್ತಿಲು ದಾಟುವವರೆಗೂ ಬಾಗಿಲು ಹಿಡಿದು ನಿಂತಳು.