ಗಾಳಿ ಪೈಪಿಗೆ ತಿನ್ನಿಸಿದ ಹೋಳಿಗೆ

ಮಧ್ಯಾಹ್ನದ ಊಟ ಮುಗಿಸಿ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಗಾಳಿ ಮಷಿನ್ನಿನ ಬಟನ್ ಒತ್ತಿ ಅಡ್ಡಾದ ಭೀಮಗೊಂಡರು, ಕಣ್ಣು ಮುಚ್ಚುವ ಮೊದಲೇ ಓಣಿಗೆಲ್ಲ ಕೇಳುವ ಹಾಗೆ ಚೀರಿದರು. ಅಡುಗೆಮನೆಯಲ್ಲಿದ್ದ ಸೊಸೆ ತೃಪ್ತಿ ಕೈಯಲ್ಲಿದ್ದ ತಾಟು ಅಲ್ಲೇ ಬಿಟ್ಟು ಓಡಿ ಬಂದಳು. ನೋಡುತ್ತಾಳೆ, ಮಾವ ಮಾಸ್ಕ್ ಕಿತ್ತೆಸೆದು, ಎದ್ದು ಕುಳಿತು, ಎರಡೂ ಕೈಯಿಂದ ಮುಖ ತಿಕ್ಕಿಕೊಳ್ಳುತ್ತಿದ್ದಾರೆ. ಮೂಗು, ತುಟಿ, ಮೀಸೆ, ಎಲ್ಲಿ ನೋಡಿದಲ್ಲಿ ಕೆಂಪು ಇರುವೆ!

"ಮೂಗ ಸೀಟ್ರಿ ಮಾವಾರ! ಜೋರ್ ಸೀಟ್ರಿ!"

ತಾನೇ ಸೆರಗಿನಿಂದ ಅವರ ಮುಖ ಒರೆಸಿದಳು. ಮಷಿನ್ ಇನ್ನೂ ಊದುತ್ತಲೇ ಇತ್ತು. ಹಾಸಿಗೆಯ ಮೇಲೆ ಬಿದ್ದ ಪೈಪಿನ ಬಾಯಿಂದ ಇನ್ನಷ್ಟು ಇರುವೆ ಹಾರಿ ಬಂದವು. ಅಯ್ಯೋ ದೇವರೇ, ಇವು ಒಳಗೆ ಹೋದದ್ದಾದರೂ ಹೇಗೆ? ಆ ಪೈಪನ್ನು ಮಾಡಿದವಳು ತೃಪ್ತಿಯೇ.

ಭೀಮಗೊಂಡರಿಗೆ ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುವ ಕಾಯಿಲೆ. ಗಾಳಿ ಊದುವ ಈ ಮಷಿನ್ ಇಲ್ಲದೆ ಹಗಲಲ್ಲೂ ಕಣ್ಣು ಮುಚ್ಚಬೇಡಿ, ಹೃದಯ ಸೋತಿದೆ ಎಂದು ಮೀರಜಿನ ಡಾಕ್ಟರು ಖಡಾಖಂಡಿತ ಹೇಳಿದ್ದರು. ಮಷಿನ್ನೇನೋ ಬಂತು. ಅದರ ಜೊತೆ ಬಂದ ಪೈಪು ಮಾತ್ರ ಶುದ್ಧ ಶನಿ. ಬಿರುಸು, ಭಾರ, ಮಗ್ಗುಲು ಬದಲಿಸಿದರೆ ಸಾಕು, ಮಾಸ್ಕನ್ನು ಎಳೆದು ಗಾಳಿಯನ್ನೆಲ್ಲ ಕಣ್ಣಿಗೆ ನುಗ್ಗಿಸುತ್ತಿತ್ತು. "ಎತ್ತಿಗಿ ಮೂಗದಾಣ ಹಾಕ್ದಂಗ ಆಗೈತಿ, ಒಯ್ರಿ ಇದನ್ನ" ಎಂದು ಮಾವ ಅದನ್ನು ಗೋಡೆಯ ಮಾಡಿನಲ್ಲಿಟ್ಟುಬಿಟ್ಟಿದ್ದರು.

ತೃಪ್ತಿ ಕೆಲಸ ಮಾಡುವುದು ಗಡಿಯಾಚೆ ಮಹಾರಾಷ್ಟ್ರದ ಕಾಗಲದಲ್ಲಿ, ಇಂಥವೇ ಪೈಪು ತಯಾರಿಸುವ ಕಾರ್ಖಾನೆಯ ಡಿಸೈನ್ ವಿಭಾಗದಲ್ಲಿ. ಮಾವನಿಗೆಂದೇ ಹಟ ಹಿಡಿದು ಕೂತಳು. ತೆಳು ಪ್ಲಾಸ್ಟಿಕ್ಕು, ಹಗುರ ಸುರುಳಿ, ಮೂಗಿನ ಹತ್ತಿರ ಎತ್ತ ಬೇಕಾದರೂ ತಿರುಗುವ ಜಾಯಿಂಟು. ಭಾರ ಬೀಳದಂತೆ ಗೋಡೆಯ ಗೂಟದಿಂದ ಇಳಿಬಿಟ್ಟಳು. ಮಾಡಿ ನೋಡಿ ಕೆಡಿಸಿ, ಮತ್ತೆ ಮಾಡಿ, ಕೊನೆಗೊಂದು ದಿನ ಮಾವ ಬೆಳಗಿನವರೆಗೆ ಮಾಸ್ಕ್ ತೆಗೆಯದೆ ಮಲಗಿದರು. ಆದರೆ ಥಂಡಿಗೆ ಪೈಪಿನೊಳಗೆ ನೀರು ಕಟ್ಟಿ ಗುಳುಗುಳು ಅನ್ನತೊಡಗಿತು. ಮೇಲೊಂದು ಬೆಚ್ಚನೆಯ ಬಟ್ಟೆಯ ಹೊದಿಕೆ ಬೇಕಿತ್ತು. ಅದನ್ನು ಹೊಲಿಯಲು ಅತ್ತೆ ಸೋನಾಬಾಯಿ ಇದ್ದೇ ಇದ್ದರು. ಅವರು ಹೊಲಿದ ಕೌದಿ ಎಂದರೆ ಅವರ ಊರು ಅಕ್ಕೋಳದಲ್ಲಿ ಎರಡು ಮಾತಿಲ್ಲ. ಹಳೆಯ ಸೀರೆಗಳನ್ನು ಪದರು ಪದರಾಗಿ ಜೋಡಿಸಿ, ಒತ್ತಾಗಿ ಟಾಕು ಹಾಕಿ, ನಿನ್ನೆ ಸಂಜೆಯಷ್ಟೇ ಪೈಪಿಗೆ ತೊಡಿಸಿದ್ದರು.

ತೃಪ್ತಿ ಮಷಿನ್ ಬಂದ್ ಮಾಡಿ ಜಾಯಿಂಟು ಬಿಚ್ಚಿದಳು. ಸಂದು ಎಲ್ಲಿ ಬಿಟ್ಟೆ, ಎಲ್ಲಿ ತಪ್ಪಿದೆ ಎಂದು ಬೆರಳಾಡಿಸಿ ಹುಡುಕಿದಳು. ಸಂದೆಲ್ಲೂ ಇರಲಿಲ್ಲ. ಆಗ ಗೋಡೆಯ ಮೇಲೆ ಸಾಲು ಕಣ್ಣಿಗೆ ಬಿತ್ತು. ಕಿಟಕಿಯಿಂದ ಗೂಟಕ್ಕೆ, ಗೂಟದಿಂದ ಪೈಪಿನ ಮೇಲೆ, ಸೀದಾ ಮೂಗಿನ ಕಡೆಯ ತುದಿಯ ಕೌದಿಯೊಳಕ್ಕೆ ಇರುವೆಗಳು ಇಳಿಯುತ್ತಿದ್ದವು. ಅಲ್ಲಿಂದ, ಬಿಟ್ಟ ಉಸಿರು ಹೊರಹೋಗಲೆಂದು ಮಾಸ್ಕಿಗೆ ಇಟ್ಟ ತೂತುಗಳಿಂದ ಪೈಪಿನೊಳಕ್ಕೂ ನುಗ್ಗಿದ್ದವು. ಬ್ಲೇಡಿನಿಂದ ಟಾಕು ಬಿಚ್ಚಿದರೆ, ಪದರಿನ ನಡುವೆ ತುಪ್ಪ ಸವರಿದ ಹೋಳಿಗೆಯ ತುಣುಕು!

"ಅತ್ತೀ! ಪೈಪಿಗಿ ಹೋಳಿಗಿ ತಿನ್ನಿಸೀರೇನ್ರೀ?"

ಬಾಗಿಲಲ್ಲಿ ನಿಂತಿದ್ದ ಸೋನಾಬಾಯಿಯ ಮುಖ ಬಿಳಚಿಕೊಂಡಿತು. "ಕೌದಿ ಹಸದ ಹೊಟ್ಟೀಲೆ ಮುಚ್ಚಬಾರದವ್ವಾ. ಕಡೀ ಮೂಲ್ಯಾಗ ಒಂದ ತುತ್ತ ಇಟ್ಟಽ ಹೊಲೀಬೇಕು. ನಮ್ಮವ್ವ ಹಂಗಽ ಮಾಡ್ತಿದ್ಲು."

"ಕೌದಿಗಿ ಒಣಾ ಜ್ವಾಳದ ಭಕ್ರಿ ಚೂರ ಇಡ್ತಾರ್ರೀ! ಹೋಳಿಗಿ ಯಾರ ಇಡ್ತಾರ?"

ತೃಪ್ತಿಗೆ ಸಿಟ್ಟೂ ಬಂತು, ನಗುವೂ ಬಂತು. ಮಾವನತ್ತ ತಿರುಗಿದವಳಿಗೆ ಎರಡೂ ಇಳಿದುಹೋದವು. ಭೀಮಗೊಂಡರು ತಮ್ಮ ಅಂಗೈ ನೋಡುತ್ತ ಕೂತಿದ್ದರು. ತಿಕ್ಕಿದ ರಭಸಕ್ಕೆ ಸತ್ತ ಇರುವೆಗಳು ಕೈತುಂಬ ಅಂಟಿದ್ದವು. ಬಟ್ಟೆಯಲ್ಲಿ ಸೋಸದ ನೀರನ್ನು ಬಾಯಿಗೆ ಹಾಕದ, ಹಾದಿಯಲ್ಲಿ ಇರುವೆ ಸಾಲು ಕಂಡರೆ ಸುತ್ತಿ ಹೋಗುವ ಜೈನ ಮನುಷ್ಯ ಅವರು.

"ನನ್ನ ಕೈಯಾಗ ಇಷ್ಟ ಜೀವ ಹೋದು. ನಾ ಒಬ್ಬಾಂವ ಬದಕಾಕ ಇಷ್ಟ ಜೀವ! ಇನ್ನ ಈ ಮಷಿನ್ ಮುಟ್ಟಂಗಿಲ್ಲ. ಈಗಽ ಬಸದಿಗಿ ಹೋಗಿ ನೇಮ ತಗೊಂಡ ಬರ್ತೀನಿ."

ತೃಪ್ತಿಗೆ ಸಿಡಿಲು ಬಡಿದಂತಾಯಿತು. ಮಾವ ನೇಮ ಹಿಡಿದರೆ ಮುಗಿಯಿತು. ಹರೆಯದಲ್ಲಿ ಹಾಗೇ ನೇಮ ಹಿಡಿದು ಬಟಾಟೆ ಬಿಟ್ಟವರು, ಇವತ್ತಿಗೂ ಮೂಸಿ ನೋಡಿದವರಲ್ಲ. ದೇವರ ಎದುರು ಆ ಮಾತು ಆಡಿಬಿಟ್ಟರೆ ಡಾಕ್ಟರಲ್ಲ, ಯಾರು ಬಂದರೂ ಅವರ ಮೂಗಿಗೆ ಮತ್ತೆ ಮಾಸ್ಕ್ ಏರುವುದಿಲ್ಲ.

"ತೂತಿಗಿ ಜಾಳಗಿ ಹಾಕ್ತೀನ್ರಿ ಮಾವಾರ, ಒಂದ ಇರಿವಿ ಹೋಗದಂಗ ಮಾಡ್ತೀನಿ. ನಿಮ್ಮ ಕಾಲ ಹಿಡೀತೀನಿ, ನೇಮದ ಮಾತ ಬ್ಯಾಡ್ರಿ!"

ಕೇಳುವವರು ಯಾರು? ಕೈ ತೊಳೆದು, ಟೊಪ್ಪಿಗೆ ಇಟ್ಟು, ಹೊರಟೇಬಿಟ್ಟರು. ಹೊಸ್ತಿಲ ಮೇಲೆ ಸೋನಾಬಾಯಿ ಅಡ್ಡ ನಿಂತಿದ್ದರು.

"ನಡೀರಿ, ನಾನೂ ಬರ್ತೀನಿ. ನಾನೂ ಒಂದ ನೇಮ ಹಿಡದೀನಿ, ಅದನ್ನ ಇಳಿಸಿ ಬರ್ತೀನಿ."

"ನಿಂದ್ಯಾವ ನೇಮ?"

"ನೀವ ಮಲಗಿದಾಗ ನಾ ಮಲಗಬಾರದು ಅನ್ನೂದು."

ಭೀಮಗೊಂಡರು ಅರ್ಥವಾಗದೆ ನಿಂತರು.

"ನಮ್ಮ ಮಗಾ ಜಿನೇಂದ್ರ ಸಾಲೀಗಿ ಹೋಗೂ ಕಾಲದಿಂದ ನಿಮ್ಮ ಉಸರ ನಿಂದರತೈತ್ರಿ. ನಿಮ್ಮ ಬೆನ್ನ ಮ್ಯಾಲ ಕೈ ಇಟ್ಕೊಂಡ ಕೂಡ್ತಿದ್ದೆ. ಉಸರ ನಿಂತ ಕೂಡಲೇ ನೂಕ್ತಿದ್ದೆ. 'ಸುಮ್ನ ಬೀಳ ಬೇ, ಯಾಕ ಚುಚ್ಚತಿ' ಅಂತ ಬೈದ ಮಗ್ಗಲಾಗ್ತಿದ್ರಿ. ನಾ ಮತ್ತ ಕೈ ಇಡ್ತಿದ್ದೆ."

ತೃಪ್ತಿ ದಂಗಾಗಿ ಅತ್ತೆಯನ್ನೇ ನೋಡಿದಳು. ಮಟ ಮಟ ಮಧ್ಯಾಹ್ನ ಕೂತಲ್ಲೇ ತೂಕಡಿಸುವ, ಟಾಕು ಹಾಕುತ್ತ ಸೂಜಿ ಚುಚ್ಚಿಕೊಳ್ಳುವ ಅತ್ತೆಗೆ ವಯಸ್ಸಾಯಿತೆಂದು ಇಡೀ ಮನೆ ನಗುತ್ತಿತ್ತು. ತಾನೂ ನಕ್ಕಿದ್ದಳು.

"ಸೊಸಿ ಈ ಪೈಪ ಮಾಡಿ ತಂದ್ಲು," ಎಂದರು ಸೋನಾಬಾಯಿ. "ನೀವ ಬೆಳತನಕ ಉಸರ ಆಡಿಸಿದ್ರಿ. ಅವತ್ತ ನಾ ಮಲಗಿದೆ. ಮಲಗಿದೆ ಅಂದ್ರ ಏನ ಮಲಗಿದೆ, ಹಕ್ಕಿ ಕೂಗಿದ್ದ ಗೊತ್ತಾಗಲಿಲ್ಲ! ನನಗ ನಿದ್ದಿ ಕೊಟ್ಟ ವಸ್ತೂರಿ ಅದು. ಅದರ ಹೊಟ್ಟೀಗಿ ಒಣಾ ಭಕ್ರಿ ಹೆಂಗ ಇಡ್ಲಿ? ಹೋಳಿಗಿ ಇಟ್ಟೆ. ಪಾಪ ನಂದು, ನಿಮ್ದಲ್ಲ." ಅವರು ಹೊಸ್ತಿಲು ಬಿಟ್ಟು ಪಕ್ಕಕ್ಕೆ ಸರಿದರು. "ಹೋಗ್ರಿ. ಇವತ್ತಿಂದ ಮತ್ತ ಎದ್ದ ಕೂಡ್ತೀನಿ ಅಂತಿದ್ದೆ, ಆದ್ರ ಮೈಯಾಗ ಕಸುವಿಲ್ಲ. ನನಗ ಜೊಂಪ ಹತ್ತಿದ ಹೊತ್ತಿನ್ಯಾಗ ನಿಮ್ಮ ಉಸರ ನಿಂತ್ರ, ಆ ಜೀವ ಯಾರ ಲೆಕ್ಕಕ್ಕ ಹಿಡೀಲಿ?"

ಭೀಮಗೊಂಡರು ಹೆಂಡತಿಯನ್ನು ಇದೇ ಮೊದಲ ಸಲ ಕಂಡವರ ಹಾಗೆ ನೋಡಿದರು. ಆಮೇಲೆ ಹೊಸ್ತಿಲ ಮೇಲೆಯೇ ಕುಸಿದು ಕೂತು ಟೊಪ್ಪಿಗೆ ತೆಗೆದರು.

"ತೃಪ್ತಿ, ಉಳದ ಇರಿವಿ ಎಲ್ಲಾ ಬೇಲಿ ಕಡೆ ಬಿಟ್ಟ ಬಾರವ್ವಾ. ಒಂದೂ ಸಾಯಬಾರದು. ಆಮ್ಯಾಲ ಪೈಪ ಜೋಡಸು."

ತೃಪ್ತಿ ಹೋಳಿಗೆಯ ತುಣುಕನ್ನು ಇರುವೆಗಳ ಸಮೇತ ಬೇಲಿಯ ಬುಡಕ್ಕೆ ಇಟ್ಟು ಬಂದಳು. ಪೈಪು ತೊಳೆದು ಒಣಗಿಸಿ, ತೂತಿಗೆ ತೆಳು ಜಾಳಿಗೆ ಕಟ್ಟಿ, ಗಾಳಿ ಸಲೀಸಾಗಿ ಹೊರಬರುವುದನ್ನು ಕೈಯೊಡ್ಡಿ ನೋಡಿದಳು. ಆಮೇಲೆ ಮಾವನ ಮುಖಕ್ಕೆ ಮಾಸ್ಕ್ ಏರಿಸಿದಳು. ಅವರು ಎರಡೂ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತ ಮಲಗಿದ್ದರು.

"ಇಷ್ಟ ವರ್ಷ ಯಾಕ ಹೇಳಲಿಲ್ಲ ನೀ?" ಎಂದರು ಮಾಸ್ಕಿನೊಳಗಿಂದಲೇ.

ತೃಪ್ತಿ ತಿರುಗಿ ನೋಡಿದಳು. ಮಂಚದ ಬದಿಗೆ ಬರಿ ನೆಲದ ಮೇಲೆ, ತಲೆದಿಂಬೂ ಇಲ್ಲದೆ, ಸೋನಾಬಾಯಿ ಆಗಲೇ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.